ಅಲ್ಯೂಮಿನಿಯಂ ದೋಣಿಯ ನೀರಿನ ಗೆರೆ ತೆಗೆಯುವ ಕ್ರಮ

ನೇತ್ರಾವತಿ, ಗುರುಪುರ ಹೊಳೆಗಳ ಅಳಿವೆಯಲ್ಲಿ ಕಟ್ಟಿಹಾಕಿದ ಅಲ್ಯೂಮಿನಿಯಂ ದೋಣಿಗೆ ನೀರು ತಾಗುವ ಮಟ್ಟದಲ್ಲಿ ಸುತ್ತಲೂ ಪಟ್ಟಿ ಕೂರುತ್ತದೆ. ಕಂದು ಪಟ್ಟಿಯಾದರೆ ಹೆಚ್ಚಾಗಿ ಎಲೆಯ ಚೊಗರು, ಕಬ್ಬಿಣದ ಅಂಶ. ಒರಟು ಬಿಳಿ ಪೊರೆಯಾದರೆ ಸುಣ್ಣ. ಒಂದಕ್ಕೆ ಹಿಡಿಯುವ ಮದ್ದು ಇನ್ನೊಂದಕ್ಕೆ ಅಷ್ಟಾಗಿ ಹಿಡಿಯುವುದಿಲ್ಲ. ಎರಡು ಹನಿ ಬಿಳಿ ವಿನಿಗರ್ ಬಿಟ್ಟು ನೋಡಿ, ಗುಳ್ಳೆ ಎದ್ದರೆ ಸುಣ್ಣ.

ಮಳೆಗಾಲಕ್ಕೆ ದೋಣಿ ದಡಕ್ಕೆಳೆದ ದಿನವೇ ತೊಳೆಯುವುದು ಒಳ್ಳೆಯದು. ಪಾಚಿ ಒಣಗಿದರೆ ಕಿತ್ತು ಬರುವುದು ಕಷ್ಟ. ನೆರಳಲ್ಲಿಟ್ಟು ಸಿಹಿನೀರು, ಪಾತ್ರೆ ತೊಳೆಯುವ ಸೋಪು, ನೈಲಾನ್ ಬ್ರಶ್‌ನಿಂದ ಉಜ್ಜಿ. ಅಂಟಿದ ಚಿಪ್ಪನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ.

ಸುಣ್ಣಕ್ಕೆ: ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಪಟ್ಟಿಯ ಮೇಲೆ 10 ನಿಮಿಷ ಹಾಸಿ, ಉಜ್ಜಿ ತೊಳೆಯಿರಿ.

ಕಂದು ಕಲೆಗೆ: ಆಕ್ಸಾಲಿಕ್ ಆಸಿಡ್ ಪುಡಿ. ಪ್ಲಾಸ್ಟಿಕ್ ಬಕೆಟ್ಟಿನ 1 ಲೀಟರ್ ಬೆಚ್ಚಗಿನ ನೀರಿಗೆ 25 ಗ್ರಾಂ ಹಾಕಿ ಕರಗಿಸಿ. ರಬ್ಬರ್ ಗ್ಲೌಸ್, ಕನ್ನಡಕ ಬೇಕೇ ಬೇಕು. ಪುಡಿ ಮೂಗಿಗೆ ಹೋಗಬಾರದು. ಮೊದಲು ಕಾಣದ ಮೂಲೆಯಲ್ಲಿ, ಬಣ್ಣ ಬಳಿದಿದ್ದರೆ ಬಣ್ಣದ ಮೇಲೂ, ಪರೀಕ್ಷಿಸಿ. ಆಮೇಲೆ ಕೆಳಗಿನಿಂದ ಮೇಲಕ್ಕೆ, ಒಂದು ಮೀಟರ್ ಉದ್ದವಷ್ಟೇ ಬಳಿದು, 5 ನಿಮಿಷಕ್ಕೆ ತೊಳೆಯಿರಿ. ಮೇಲಿನಿಂದ ಬಳಿದರೆ ಇಳಿದ ಹನಿ ಗೆರೆ ಹಾಕುತ್ತದೆ. ಒಣಗಲು ಬಿಟ್ಟರೆ ಬಿಳಿ ಮಚ್ಚೆ ಉಳಿಯುತ್ತದೆ. ಕಲೆ ಇನ್ನೂ ಇದ್ದರೆ ಮತ್ತೊಮ್ಮೆ ಬಳಿಯಿರಿ, ಪುಡಿ ಹೆಚ್ಚಿಸಬೇಡಿ. ತೊಳೆದ ನೀರು ಬಾವಿ ಕಡೆಗೆ ಹೋಗದಂತೆ ನೋಡಿ. ಬಕೆಟ್ಟಿನಲ್ಲಿ ಉಳಿದದ್ದಕ್ಕೆ ಅಡುಗೆ ಸೋಡಾ ಸ್ವಲ್ಪ ಸ್ವಲ್ಪವಾಗಿ ಹಾಕಿ, ನೊರೆ ನಿಂತ ಮೇಲೆ ಚೆಲ್ಲಿ.

ಹೆಚ್ಚಿನ ಹಾಳು ಕೆಲಸ ನಡೆಯುವುದು ಅವಸರದಲ್ಲಿ. ಹೈಡ್ರೋಕ್ಲೋರಿಕ್ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್, ಕಾಸ್ಟಿಕ್ ಸೋಡಾ ಲೋಹವನ್ನೇ ತಿನ್ನುತ್ತವೆ. ಬ್ಲೀಚ್‌ನಿಂದ ಗುಳಿ ಬೀಳುತ್ತದೆ, ಆಸಿಡ್‌ಗೆ ಸೇರಿದರೆ ವಿಷಗಾಳಿ ಏಳುತ್ತದೆ. ಉಕ್ಕಿನ ನಾರು, ಹಿತ್ತಾಳೆ ಬ್ರಶ್ ಎರಡೂ ಬೇಡ: ಒಳಸೇರಿದ ಚೂರು ಉಪ್ಪುನೀರಲ್ಲಿ ಅಲ್ಯೂಮಿನಿಯಂ ಅನ್ನು ಕೊರೆಯುತ್ತದೆ.

ಪಟ್ಟಿಯಲ್ಲಿ ಉಗುರಾಡಿಸಿದಾಗ ಬಿಳಿ ಪುಡಿ ಉದುರಿ, ಕೆಳಗೆ ಸೂಜಿಮೊನೆಯಂಥ ಗುಳಿ ಸಿಕ್ಕರೆ ಅದು ಕಲೆಯಲ್ಲ, ಸವೆತ. ಅಲ್ಲಿ ಆಸಿಡ್ ಮುಟ್ಟಿಸಬೇಡಿ. ತಳದ ಆನೋಡ್ (ದೋಣಿಯ ಬದಲು ತಾನು ಸವೆಯಲೆಂದು ಕೂರಿಸಿದ ಲೋಹದ ತುಂಡು) ಅರ್ಧ ಸವೆದಿದ್ದರೆ ಬದಲಿಸಿ, ಬ್ಯಾಟರಿ ವಯರಿಂಗ್‌ನಿಂದ ಕರೆಂಟ್ ಸೋರುತ್ತಿದೆಯೇ ಎಂದು ಪರೀಕ್ಷಿಸಿ.