ದನಿ ನಿಂತಲ್ಲೇ ಕರ್ಸರ್ ಇದೆಯೇ?

ಉದ್ದನೆಯ ವರ್ಡ್ ಫೈಲನ್ನು ಸ್ಕ್ರೀನ್ ರೀಡರ್‌ನಲ್ಲಿ (ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಕೇಳುವವರು ಮರುದಿನ ಜಾಗ ಸಿಗದೆ ತಡಕಾಡುವುದು ಬುಕ್‌ಮಾರ್ಕ್ ಮರೆತದ್ದರಿಂದ ಮಾತ್ರವಲ್ಲ. ಬುಕ್‌ಮಾರ್ಕ್ ಇಟ್ಟಿರುತ್ತಾರೆ, ಆದರೆ ಬೇರೆಲ್ಲೋ.

ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ ಎರಡು ಕರ್ಸರ್‌ಗಳಿವೆ. ಒಂದು, ಟೈಪ್ ಮಾಡಿದರೆ ಅಕ್ಷರ ಬೀಳುವ ಜಾಗ. ಇನ್ನೊಂದು ರಿವ್ಯೂ ಕರ್ಸರ್, ಬರೀ ಕೇಳಿ ನೋಡಲು. ಇನ್ಸರ್ಟ್ ಜೊತೆ ಕೆಳಬಾಣ ಒತ್ತಿ ಓದಿಸಿದರೆ ಮೊದಲನೆಯದು ದನಿಯ ಜೊತೆ ಸಾಗುತ್ತದೆ. ನಂಬರ್ ಪ್ಯಾಡಿನ ಪ್ಲಸ್ ಒತ್ತಿ ಓದಿಸಿದರೆ ರಿವ್ಯೂ ಕರ್ಸರ್ ಮಾತ್ರ ಮುಂದೆ ಹೋಗುತ್ತದೆ, ವರ್ಡ್‌ನ ಕರ್ಸರ್ ಹಿಂದೆಯೇ ಕೂತಿರುತ್ತದೆ. ಬುಕ್‌ಮಾರ್ಕ್ ಬೀಳುವುದು ಆ ಹಿಂದಿನ ಜಾಗಕ್ಕೆ. ದೀರ್ಘ ಓದಿಗೆ ಪ್ಲಸ್ ಮುಟ್ಟಲೇಬೇಡಿ.

ನಿಲ್ಲಿಸಲು ಕಂಟ್ರೋಲ್ ಒತ್ತಿ. ಶಿಫ್ಟ್ ಒತ್ತಿದರೆ ಬರೀ ವಿರಾಮ. ಕೂಡಲೇ ಇನ್ಸರ್ಟ್ ಜೊತೆ ಮೇಲ್ಬಾಣ ಒತ್ತಿ. ಈಗ ಕೇಳಿಸುವ ಸಾಲು ನೀವು ನಿಲ್ಲಿಸಿದ ಸಾಲೇ ಆಗಿರಬೇಕು. ಅಲ್ಲವಾದರೆ ಬಾಣದ ಕೀಗಳಿಂದ ಅಲ್ಲಿಗೆ ಹೋಗಿ. ಬ್ರೌಸ್ ಮೋಡ್‌ನಲ್ಲಿದ್ದರೆ (ಟೈಪ್ ಮಾಡಲಾಗದ, ಓದಲಷ್ಟೇ ಇರುವ ಸ್ಥಿತಿ) ಇನ್ಸರ್ಟ್ ಮತ್ತು ಸ್ಪೇಸ್ ಒತ್ತಿ ಹೊರಬನ್ನಿ.

ಈಗ ಕಂಟ್ರೋಲ್, ಶಿಫ್ಟ್, ಎಫ್5 ಒತ್ತಿ, ಬುಕ್‌ಮಾರ್ಕ್ ಪೆಟ್ಟಿಗೆ ತೆರೆಯುತ್ತದೆ. ಹೆಸರು ಅಕ್ಷರದಿಂದಲೇ ಶುರುವಾಗಬೇಕು, ನಡುವೆ ಸ್ಪೇಸ್ ಇರಬಾರದು, 40 ಅಕ್ಷರ ಮೀರಬಾರದು. ದಿನಕ್ಕೊಂದು ಹೆಸರು ಕೊಟ್ಟು ಪಟ್ಟಿ ಬೆಳೆಸುವುದು ದಂಡ. 'ಇಲ್ಲಿ' ಎಂಬ ಒಂದೇ ಹೆಸರು ಸಾಕು. ಅದೇ ಹೆಸರನ್ನು ಮತ್ತೆ ಸೇರಿಸಿದರೆ ಗುರುತು ಹೊಸ ಜಾಗಕ್ಕೆ ಬರುತ್ತದೆ. ಸೇರಿಸಲು ಎಂಟರ್ ನಂಬದೆ ಆಲ್ಟ್ ಮತ್ತು ಎ ಒತ್ತಿ. ಮರಳಿ ಹೋಗಲು ಅದೇ ಪೆಟ್ಟಿಗೆಯಲ್ಲಿ ಹೆಸರು ಆರಿಸಿ ಆಲ್ಟ್ ಮತ್ತು ಜಿ. ಗುರುತು ಸೇರಿಸಿದ ಮೇಲೆ ಫೈಲ್ ಸೇವ್ ಮಾಡಿ, ಗುರುತು ಇರುವುದು ಫೈಲಿನೊಳಗೇ. ಮೇಲ್‌ನಲ್ಲಿ ಬಂದ ಫೈಲ್ ಪ್ರೊಟೆಕ್ಟೆಡ್ ವ್ಯೂನಲ್ಲಿ (ತಿದ್ದಲು ಬಿಡದ ನೋಟ) ತೆರೆದಿದ್ದರೆ ಗುರುತು ಸೇರುವುದಿಲ್ಲ, ಮೊದಲು ಎಡಿಟಿಂಗ್ ಚಾಲೂ ಮಾಡಿ.

ಶಿಫ್ಟ್ ಮತ್ತು ಎಫ್5 ಸಾಕೆನ್ನುವವರಿದ್ದಾರೆ. ಅದು ಹಿಡಿಯುವುದು ತಿದ್ದಿದ ಜಾಗವನ್ನು. ಬರೀ ಕೇಳುವವರಿಗೆ ಅದರ ಮೇಲೆ ಭರವಸೆ ಬೇಡ.

ಪಿಡಿಎಫ್ ಆದರೆ ಅಕ್ರೊಬ್ಯಾಟ್ ರೀಡರ್‌ನ ಪ್ರಿಫರೆನ್ಸಸ್‌ನಲ್ಲಿ ಡಾಕ್ಯುಮೆಂಟ್ಸ್ ಭಾಗಕ್ಕೆ ಹೋಗಿ, ಕೊನೆಯ ನೋಟಕ್ಕೆ ಮರಳುವ ಆಯ್ಕೆಗೆ ಗುರುತು ಹಾಕಿ. ಅದು ಪುಟದವರೆಗೆ ತಲುಪಿಸುತ್ತದೆ, ಸಾಲನ್ನು ನೀವೇ ಹುಡುಕಬೇಕು.

ವೆಬ್ ಪುಟಕ್ಕೆ ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್‌ನಲ್ಲಿ ಕಂಟ್ರೋಲ್, ಶಿಫ್ಟ್, ಕೆ ಒತ್ತಿದರೆ ಪ್ಲೇಸ್‌ಮಾರ್ಕರ್ (ಪುಟದಲ್ಲಿ ಜಾಗ ಗುರುತಿಸುವ ಸೌಲಭ್ಯ) ಪಟ್ಟಿ ಬರುತ್ತದೆ. ಎನ್‌ವಿಡಿಎ ಬಳಸುವವರು ನಿಂತ ಸಾಲಿನ ನಾಲ್ಕೈದು ಪದ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿಡಿ; ಮರುದಿನ ಇನ್ಸರ್ಟ್, ಕಂಟ್ರೋಲ್, ಎಫ್ ಒತ್ತಿ ಅದನ್ನೇ ಅಂಟಿಸಿ ಹುಡುಕಿ. ಕನ್ನಡ ಪದಗಳನ್ನು ಟೈಪ್ ಮಾಡಬೇಡಿ. ಒತ್ತಕ್ಷರಗಳ ನಡುವೆ ಕಣ್ಣಿಗೂ ಕಿವಿಗೂ ಸಿಗದ ಜೋಡಣೆ ಚಿಹ್ನೆಯೊಂದು ಇರಬಹುದು, ಆಗ ಎದುರಿಗಿದ್ದ ಪದವೇ 'ಸಿಗಲಿಲ್ಲ' ಎನ್ನಿಸಿಕೊಳ್ಳುತ್ತದೆ.