ಹೊಲಿಗೆ ಹಾಕಿದೆ, ಕೋನ ಅಳೆಯಲಿಲ್ಲ

ಪುಣೆಯಲ್ಲಿ ಮೂಳೆ ಡಾಕ್ಟರ್ ಆಗಿ ಕೆಲಸ ಶುರು ಮಾಡಿದ ಹೊಸದರಲ್ಲಿ ನನಗೆ ಕೀಹೋಲ್ ಆಪರೇಷನ್ ಹುಚ್ಚು. ಎರಡು ಮೂರು ಸಣ್ಣ ತೂತು, ಬೇಗ ಮನೆಗೆ. ಪೇಷಂಟೂ ಖುಷಿ, ನಾವೂ ಖುಷಿ. ಆಗ ಚಿಂಚವಡದಿಂದ 24 ವರ್ಷದ ಒಬ್ಬ ಹುಡುಗಿ ಬಂದಳು, ಮನೆಯವರು ವಿಜಯಪುರದ ಕಡೆಯವರು. ಸಿಂಹಗಡ ಹತ್ತಿ ಇಳಿದ ದಿನ ತೊಡೆಸಂದಿಯಲ್ಲಿ ಹಿಡಿದ ನೋವು ಬಿಟ್ಟಿರಲಿಲ್ಲ. ಎಂಆರ್‌ಐಯಲ್ಲಿ ಲೇಬ್ರಮ್ ಹರಿದಿತ್ತು. ಸೊಂಟದ ಕೀಲಿನ ಬಟ್ಟಲಿಗೆ ಅಂಚುಕಟ್ಟಿದಂತೆ ಇರುವ ರಬ್ಬರಿನಂಥ ಪಟ್ಟಿ ಅದು. ಹೊಲಿದೆ. ಆರು ತಿಂಗಳು ಚೆನ್ನಾಗಿದ್ದಳು. ಆಮೇಲೆ ಮತ್ತೆ ಅದೇ ನೋವು, ಜೊತೆಗೆ ಕಾಲು ಜಾರಿದ ಹಾಗಾಗುತ್ತೆ ಅನ್ನುವ ಹೊಸ ದೂರು.

ಹಳೇ ಎಕ್ಸ್‌ರೇ ತೆಗೆದು ಕೋನ ಅಳೆದೆ. ಮೊದಲೇ ಅಳೆಯಬೇಕಿತ್ತು, ಅಲ್ವಾ? ತೊಡೆಮೂಳೆಯ ಗುಂಡಿನ ನಡುವಿನಿಂದ ಒಂದು ಗೆರೆ ನೇರ ಮೇಲಕ್ಕೆ, ಇನ್ನೊಂದು ಬಟ್ಟಲಿನ ಹೊರ ಅಂಚಿಗೆ. ಎರಡರ ನಡುವೆ 25 ಡಿಗ್ರಿಗಿಂತ ಜಾಸ್ತಿ ಇದ್ದರೆ ಸರಿ, 20ಕ್ಕಿಂತ ಕಡಿಮೆ ಇದ್ದರೆ ಬಟ್ಟಲು ಸರಿಯಾಗಿ ಬೆಳೆಯದ ದೋಷ, ಅಂದರೆ ಡಿಸ್‌ಪ್ಲೇಸಿಯಾ. ಅವಳದು 16. ಗುಂಡಿನ ಮೇಲೆ ಸಾಕಷ್ಟು ಚಾವಣಿಯೇ ಇಲ್ಲ, ಭಾರವೆಲ್ಲ ಅಂಚಿನ ಮೇಲೆ, ಅದಕ್ಕೇ ಪಟ್ಟಿ ಹರಿದಿದ್ದು. ನಾನು ಹರಿದಿದ್ದನ್ನಷ್ಟೇ ಹೊಲಿದಿದ್ದೆ. ಸಾಲದ್ದಕ್ಕೆ ಒಳಗೆ ಹೋಗಲು ಕೀಲಿನ ಸುತ್ತಲ ಚೀಲವನ್ನೂ ಕೊಯ್ದಿದ್ದೆ, ಮೊದಲೇ ಸಡಿಲವಿದ್ದ ಕೀಲು ಇನ್ನಷ್ಟು ಸಡಿಲವಾಯಿತು.

ಎರಡನೇ ಆಪರೇಷನ್‌ನಲ್ಲಿ ಪಿಎಒ (ಪೆರಿಅಸೆಟಾಬ್ಯುಲರ್ ಆಸ್ಟಿಯಾಟಮಿ, ಅಂದರೆ ಬಟ್ಟಲಿನ ಸುತ್ತ ಮೂಳೆ ಕತ್ತರಿಸುವುದು) ಮಾಡಿದೆವು. ಅದರಲ್ಲಿ ಪಳಗಿದ ಹಿರಿಯರೊಬ್ಬರು ಮುಂಬೈಯಿಂದ ಬಂದು ಜೊತೆಗೆ ನಿಂತರು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ರೈನ್‌ಹೋಲ್ಡ್ ಗಾಂಟ್ಸ್ 1984ರಲ್ಲಿ ಶುರು ಮಾಡಿದ ವಿಧಾನ ಇದು. ಬಟ್ಟಲಿನ ಸುತ್ತಲ ಮೂಳೆ ಕತ್ತರಿಸಿ, ಬಟ್ಟಲನ್ನೇ ಹೊರಳಿಸಿ ಗುಂಡು ಮುಚ್ಚುವಂತೆ ಕೂರಿಸಿ ಸ್ಕ್ರೂ ಹಾಕುತ್ತೇವೆ. ಹಿಂಬದಿಯ ಮೂಳೆ ಕಂಬದಂತೆ ಹಾಗೇ ಉಳಿಯುತ್ತದೆ, ಹಾಗಾಗಿ ಪ್ಲಾಸ್ಟರ್ ಬೇಡ. ಅವಳ ತಾಯಿ ಕೇಳಿದ್ದು ಒಂದೇ ಮಾತು: "ಡಾಕ್ಟ್ರೇ, ಮುಂದ ಹಡಿಯೂದಕ್ಕ ತೊಂದ್ರಿ ಆಗೂದಿಲ್ಲಲ್ರೀ?" ಹೆರಿಗೆಯ ದಾರಿ ಕಿರಿದಾಗುವುದಿಲ್ಲ ಅಂತ ಕೇಸ್ ಪೇಪರಿನ ಹಿಂದೆ ಚಿತ್ರ ಬರೆದು ತೋರಿಸಿದೆ.

ಹಾಗಂತ ಇದು ಸಲೀಸು ಕೆಲಸವಲ್ಲ. ರಕ್ತ ಹೋಗುತ್ತದೆ, ಆರೆಂಟು ವಾರ ಊರುಗೋಲು, ತೊಡೆಯ ಹೊರಬದಿ ಎಷ್ಟೋ ಜನಕ್ಕೆ ಜೋಮು ಹಿಡಿದಂತೆ ಇರುತ್ತದೆ. ಅವರ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಎರಡು ತಿಂಗಳು ಕೆಳಗಿನ ಮನೆಯವರ ಹಾಲ್‌ನಲ್ಲೇ ಮಲಗಿದ್ದಳು ಪಾಪ.

ಕೀಲು ಆಗಲೇ ಸವೆದಿದ್ದರೆ ಪಿಎಒ ಮಾಡಿ ಸುಮ್ನೆ ಕಷ್ಟ ಕೊಡಬಾರದು, ಅಲ್ಲಿ ಕೀಲು ಬದಲಿಸುವುದೇ ದಾರಿ. ಆದರೆ 25ನೇ ವಯಸ್ಸಿಗೇ ಬದಲಿಸಿದರೆ ಮುಂದೆ ಇನ್ನೊಮ್ಮೆ, ಮತ್ತೊಮ್ಮೆ ಮೇಜಿಗೆ ಬರಬೇಕಾಗಬಹುದು. ಪಿಎಒ ಕೂಡ ಜೀವನಪೂರ್ತಿ ಗ್ಯಾರಂಟಿ ಅಲ್ಲ. ಬರ್ನ್‌ನವರ ಮೊದಲ ಪೇಷಂಟ್‌ಗಳಲ್ಲೇ 20 ವರ್ಷಕ್ಕೆ ಸುಮಾರು 60 ಶೇಕಡಾ, 30 ವರ್ಷಕ್ಕೆ ಮೂರರಲ್ಲೊಂದು ಪಾಲು ಕೀಲುಗಳಷ್ಟೇ ಉಳಿದವು. ಇದನ್ನು ಎಲ್ಲರಿಗೂ ಮೊದಲೇ ಹೇಳುತ್ತೇನೆ. ಇನ್ನೂ ಬೆಳೆಯುವ ಮಕ್ಕಳಿಗೆ ಪಿಎಒ ಇಲ್ಲ, ಅವರಿಗೆ ಸಾಲ್ಟರ್‌ನಂಥ ಬೇರೆ ಆಪರೇಷನ್‌ಗಳಿವೆ.

ಈಗಲೂ ತಲೆ ತಿನ್ನುವವರು ಕೋನ 20ರಿಂದ 25 ಡಿಗ್ರಿ ನಡುವೆ ಇರುವವರು. ಅಲ್ಲಿ ಕೋನ ಒಂದನ್ನೇ ನಂಬುವುದಿಲ್ಲ. ಹೆಬ್ಬೆರಳು ಮುಂಗೈಗೆ ತಾಗುವಷ್ಟು ಬಾಗುತ್ತದಾ, ಮೊಣಕೈ ಹಿಂದಕ್ಕೆ ಬಳುಕುತ್ತದಾ ಅಂತ ನೋಡುತ್ತೇನೆ. ಮೈಯೆಲ್ಲ ಹಾಗೆ ಸಡಿಲವಿದ್ದರೆ ಕೀಹೋಲ್ ಒಂದನ್ನೇ ಮಾಡಲು ಕೈ ಏಳುವುದಿಲ್ಲ.