ಹಳೆ ಗೀಸರ್ ಇಳಿಸಿ ಹೊಸದು ಕೂರಿಸುವುದು ಹೇಗೆ?

ಗೀಸರ್ ತಳದಲ್ಲಿ ನೀರು ತೊಟ್ಟಿಕ್ಕುತ್ತಿದೆ ಅಂದ ತಕ್ಷಣ ಹೊಸದು ತರಲು ಹೊರಡಬೇಡಿ. ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡಿ. ಪೈಪ್ ಜಾಯಿಂಟ್‌ನಿಂದ ಬರುತ್ತಿದ್ದರೆ ಒಂದು ವಾಷರ್ ಸಾಕು. ನೀರು ಕಾಯುತ್ತಲೇ ಇಲ್ಲ ಅಂದರೆ ಕಾಯಿಲ್ ಇಲ್ಲವೇ ಥರ್ಮೋಸ್ಟಾಟ್ ಹೋಗಿರುತ್ತದೆ, ಅದನ್ನಷ್ಟೇ ಬದಲಿಸಬಹುದು. ಆದರೆ ಹೊರಕವಚದ ಒಳಗಿನಿಂದ ತುಕ್ಕು ಬಣ್ಣದ ನೀರು ಇಳಿಯುತ್ತಿದ್ದರೆ ಟ್ಯಾಂಕೇ ತೂತಾಗಿದೆ ಅಂತ ಅರ್ಥ. ಅದಕ್ಕೆ ತೇಪೆ ನಿಲ್ಲುವುದಿಲ್ಲ.

ಮಂಡ್ಯದ ನಮ್ಮ ಮನೆಯಲ್ಲಿ ಹೀಗೇ ಆಯಿತು. ನಲ್ಲಿ ನೀರು ಬಾರದ ದಿನ ನಮಗೆ ಬೋರ್‌ವೆಲ್ ನೀರೇ ಗತಿ, ಅದು ಗಡಸು ನೀರು. ಅನ್ನ ಮಾಡುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ ಅಲ್ವಾ, ಗೀಸರ್ ಒಳಗೂ ಅದೇ ಕಟ್ಟುತ್ತದೆ. ಹಳೆಯದನ್ನು ಇಳಿಸಿದಾಗ ಕಂಡದ್ದು ಮಾತ್ರ ಬೇರೆಯೇ. ಯಾವಾಗಲೋ ರಿಪೇರಿಗೆ ಬಂದವರು, ಒತ್ತಡ ಹೆಚ್ಚಾದಾಗ ನೀರು ಹೊರಬಿಡುವ ಸೇಫ್ಟಿ ವಾಲ್ವ್‌ನ ತೂತಿಗೆ ಎಂ-ಸೀಲ್ ಮೆತ್ತಿ ಮುಚ್ಚಿಬಿಟ್ಟಿದ್ದರು. ಅಲ್ಲಿ ಹನಿ ಬೀಳುತ್ತದೆ ಅಂತ ನಾವೇ ದೂರಿದ್ದೆವು. ಆ ಹನಿ ಬೀಳಲೇಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ. ಹಾಗೆಯೇ ಎಷ್ಟು ದಿನ ಮಕ್ಕಳು ಅದರ ಕೆಳಗೆ ಸ್ನಾನ ಮಾಡಿದರೋ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾವುದು ತರಬೇಕು?

ಬಕೆಟ್ ಸ್ನಾನದ ಮನೆಗೆ, ಮೂರು ನಾಲ್ಕು ಜನಕ್ಕೆ, 15 ಲೀಟರಿನದು ಸಾಕು. 60 ಡಿಗ್ರಿಯ 15 ಲೀಟರ್ ಬಿಸಿನೀರಿಗೆ 20 ಲೀಟರ್ ತಣ್ಣೀರು ಬೆರೆಸಿದರೆ ಮೈಗೆ ಹಿತವಾದ ಬಿಸಿಯಲ್ಲಿ ಸುಮಾರು ಎರಡು ಬಕೆಟ್ ಆಗುತ್ತದೆ. 2000 ವ್ಯಾಟಿನ ಗೀಸರ್ ಅಷ್ಟು ನೀರು ಕಾಯಿಸಲು 20 ನಿಮಿಷದ ಆಚೀಚೆ ತೆಗೆದುಕೊಳ್ಳುತ್ತದೆ, ಮುಕ್ಕಾಲು ಯೂನಿಟ್ಟಿಗಿಂತ ಕಡಿಮೆ ಕರೆಂಟ್. ಐಎಸ್‌ಐ ಗುರುತು ಇರಲಿ, ಅದರ ಜೊತೆ ಐಎಸ್ 2082 ಅಂತ ಬರೆದಿರಬೇಕು. ಬೋರ್ ನೀರಿನ ಮನೆಯಾದರೆ ಒಳಗೆ ಗ್ಲಾಸ್ ಲೈನಿಂಗ್ ಮತ್ತು ಮೆಗ್ನೀಷಿಯಂ ರಾಡ್ ಇರುವುದನ್ನೇ ಕೇಳಿ. ಆ ರಾಡ್ ಟ್ಯಾಂಕಿನ ಬದಲು ತಾನು ಸವೆಯುತ್ತದೆ. ವಾರಂಟಿ ಕಾರ್ಡನ್ನು ಅಂಗಡಿಯಲ್ಲೇ ಓದಿ. ಕಂಪನಿಯವರೇ ಕೂರಿಸಬೇಕು ಅಂತ ಷರತ್ತಿದ್ದರೆ ಅವರನ್ನೇ ಕರೆಯಿರಿ, ಪಕ್ಕದಲ್ಲಿ ನಿಂತು ಇಲ್ಲಿ ಹೇಳಿದ್ದನ್ನೆಲ್ಲ ನೋಡಿಕೊಳ್ಳಿ.

ಜೊತೆಗೆ ಸ್ಟೀಲ್ ಹೆಣಿಗೆಯ ಎರಡು ಹೊಸ ಕನೆಕ್ಷನ್ ಪೈಪ್, ಟೆಫ್ಲಾನ್ ಟೇಪ್, ಆಂಕರ್ ಬೋಲ್ಟ್ ತನ್ನಿ. ನಮಗೆ ಇವೆಲ್ಲ ಪೇಟೆ ಬೀದಿಯಲ್ಲೇ ಸಿಕ್ಕಿದವು, ಮೈಸೂರಿನವರಿಗೆ ಸಂತೆಪೇಟೆ ಇದೆ. ಹಳೆ ಪೈಪನ್ನು ಮತ್ತೆ ಹಾಕಬೇಡಿ. ಬಿಳಿ ಪ್ಲಾಸ್ಟಿಕ್ಕಿನದಂತೂ ಬೇಡವೇ ಬೇಡ, ಬಿಸಿಗೆ ಮೆತ್ತಗಾಗಿ ಒಂದು ದಿನ ಕಳಚಿಕೊಳ್ಳುತ್ತದೆ.

ಮೊದಲು ಅರ್ಥಿಂಗ್

ನೀರಿನ ಕೆಲಸ ತಪ್ಪಿದರೆ ನೆಲ ಒದ್ದೆಯಾಗುತ್ತದೆ. ಕರೆಂಟಿನದು ತಪ್ಪಿದರೆ ಜೀವ ಹೋಗುತ್ತದೆ. 2000 ವ್ಯಾಟಿನ ಗೀಸರ್ ಎಂಟೂವರೆ ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ದೊಡ್ಡ ಪ್ಲಗ್ ಪಾಯಿಂಟೇ ಬೇಕು, ಅದಕ್ಕೆ ಬರುವ ವೈರು 2.5 ಚದರ ಮಿಲಿಮೀಟರಿಗಿಂತ ತೆಳ್ಳಗಿರಬಾರದು. ಎಕ್ಸ್‌ಟೆನ್ಷನ್ ಬಾಕ್ಸ್ ಯಾವ ಕಾರಣಕ್ಕೂ ಬೇಡ.

ಪ್ಲಗ್ ಪಾಯಿಂಟಿನ ಮೇಲಿನ ದಪ್ಪ ತೂತು ಅರ್ಥಿಂಗ್. ತೂತು ಇದೆ ಅಂದಮಾತ್ರಕ್ಕೆ ಒಳಗೆ ವೈರು ಇದೆ ಅಂತಲ್ಲ! ಹಳೆ ಮನೆಗಳಲ್ಲಿ ಆ ವೈರು ಎಲ್ಲಿಗೂ ಸೇರದೆ ಗೋಡೆಯೊಳಗೇ ಉಳಿದಿರುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಮೀಟರ್ ಹಾಕಿ ನೋಡಿಸಿ. ಫೇಸ್‌ಗೂ ಅರ್ಥಿಂಗಿಗೂ ನಡುವೆ 230 ವೋಲ್ಟಿನ ಹತ್ತಿರ ಬರಬೇಕು, ನ್ಯೂಟ್ರಲ್‌ಗೂ ಅರ್ಥಿಂಗಿಗೂ ನಡುವೆ ಹೆಚ್ಚುಕಡಿಮೆ ಸೊನ್ನೆ. ಅವರು ಬಂದಾಗಲೇ ಮೇನ್ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ ಕೇಳಿ, ಇಲ್ಲದಿದ್ದರೆ ಹಾಕಿಸಿ. ಕರೆಂಟ್ ಮೈಮೇಲೆ ಹರಿಯಲು ಶುರುವಾದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕತ್ತರಿಸುವುದು ಅದೇ, ಲೋಡ್ ಜಾಸ್ತಿಯಾದಾಗ ಬೀಳುವ ಎಂಸಿಬಿ ಸ್ವಿಚ್ ಆ ಕೆಲಸ ಮಾಡುವುದಿಲ್ಲ. ಅಂಗಳದಲ್ಲಿ ಅರ್ಥಿಂಗ್ ಗುಂಡಿ ಇದ್ದರೆ ಬೇಸಿಗೆಯಲ್ಲಿ ಆಗಾಗ ಒಂದು ಬಿಂದಿಗೆ ನೀರು ಹುಯ್ಯಿರಿ. ಮಣ್ಣು ಒಣಗಿದರೆ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಇದೆಲ್ಲ ಸರಿ ಇದ್ದರೆ ಮುಂದಿನದು ನಿಮ್ಮ ಕೈಯ ಕೆಲಸವೇ.

ಇಳಿಸುವುದು

ಹಿಂದಿನ ರಾತ್ರಿಯೇ ಗೀಸರ್ ಆಫ್ ಮಾಡಿ, ನೀರು ಆರಲಿ. ಬೆಳಿಗ್ಗೆ ಎಂಸಿಬಿ ಇಳಿಸಿ, ಪ್ಲಗ್ ಕಿತ್ತು ಪಕ್ಕಕ್ಕಿಡಿ. ಗೀಸರಿಗೆ ತಣ್ಣೀರು ಹೋಗುವ ಆಂಗಲ್ ಕಾಕ್, ಅಂದರೆ ಗೋಡೆಯ ಸಣ್ಣ ನಲ್ಲಿ, ತಿರುಗಿಸಿ ಮುಚ್ಚಿ. ಅದು ಸುಣ್ಣ ಕಟ್ಟಿ ತಿರುಗದಿದ್ದರೆ ಬಲವಂತ ಬೇಡ, ಮುರಿದು ಕೈಗೆ ಬರುತ್ತದೆ. ಅದರ ಬದಲು ತಾರಸಿಯ ಗೇಟ್ ವಾಲ್ವ್ ಮುಚ್ಚಿ.

ಎಲ್ಲರೂ ಮೋಸ ಹೋಗುವುದು ಇಲ್ಲೇ. ತಣ್ಣೀರು ಬಂದ್ ಮಾಡಿ ಬಿಸಿನೀರಿನ ನಲ್ಲಿ ತಿರುಗಿಸಿದರೆ ನೀರು ನಿಂತುಹೋಗುತ್ತದೆ, ಟ್ಯಾಂಕ್ ಖಾಲಿ ಅಂದುಕೊಳ್ಳುತ್ತೇವೆ. ಖಾಲಿಯಾಗಿರುವುದಿಲ್ಲ. ಕೆಳಗಿನಿಂದ ತಣ್ಣೀರು ತಳ್ಳಿದರೆ ಮಾತ್ರ ಮೇಲಿನ ಬಿಸಿನೀರು ಹೊರಗೆ ಬರುವ ಹಾಗೆ ಅದನ್ನು ಮಾಡಿರುತ್ತಾರೆ. ತಳ್ಳುವ ನೀರು ನಿಂತರೆ 15 ಲೀಟರೂ ಒಳಗೇ ಉಳಿಯುತ್ತದೆ. ಅದರ ಸಮೇತ ಸ್ಟೂಲ್ ಮೇಲೆ ನಿಂತು ಎತ್ತಲು ಹೋದರೆ ಸೊಂಟ ಹಿಡಿಯುತ್ತದೆ. ಕೆಳಗೆ ಬಕೆಟ್ ಇಡಿ, ಬಿಸಿನೀರಿನ ನಲ್ಲಿ ತೆರೆದೇ ಬಿಡಿ, ನೀಲಿ ಗುರುತಿನ ಕಡೆಯ ತಣ್ಣೀರಿನ ಪೈಪನ್ನೂ ಸೇಫ್ಟಿ ವಾಲ್ವನ್ನೂ ಬಿಚ್ಚಿ. ನಲ್ಲಿಯಿಂದ ಗಾಳಿ ಒಳಗೆ ಹೋಗಿ ನೀರು ತಾನಾಗಿ ಇಳಿಯುತ್ತದೆ. ಪೂರಾ ಇಳಿದ ಮೇಲೆ ಇಬ್ಬರು ಸೇರಿ ಎತ್ತಿ ಕೊಕ್ಕೆಯಿಂದ ಬಿಡಿಸಿ.

ಕೂರಿಸುವುದು

ಹಳೆ ಬೋಲ್ಟಿಗೆ ಹೊಸ ಗೀಸರ್ ಸರಿಯಾಗಿ ಕೂರುವುದು ಅಪರೂಪ. ಕೊಕ್ಕೆಗಳ ನಡುವಿನ ಅಂತರ ಬೇರೆ ಇದ್ದರೆ ಬಗ್ಗಿಸಿ ಕೂರಿಸಬೇಡಿ, ಹೊಸ ತೂತು ಹೊಡೆಯಿರಿ. ನೀರು ತುಂಬಿದ 15 ಲೀಟರಿನ ಗೀಸರ್ ಸುಮಾರು ಒಂದು ಅಕ್ಕಿ ಮೂಟೆಯ ತೂಕ, 25 ಕೆಜಿ ತೂಗುತ್ತದೆ. ಇಟ್ಟಿಗೆ ಗೋಡೆ, ಕಾಂಕ್ರೀಟ್ ಆದರೆ ಆಂಕರ್ ಬೋಲ್ಟ್ ಹಿಡಿಯುತ್ತದೆ. ಟೊಳ್ಳು ಬ್ಲಾಕ್ ಆಗಲಿ ಹಳೇ ಮಣ್ಣಿನ ಗೋಡೆಯಾಗಲಿ ಇದ್ದರೆ ಗಾರೆಯವರನ್ನು ಕೇಳದೆ ಡ್ರಿಲ್ ಹಿಡಿಯಬೇಡಿ. ಸ್ವಿಚ್ಚಿನ ನೇರ ಮೇಲೆ, ನಲ್ಲಿಯ ನೇರ ಮೇಲೆ ತೂತು ಬೇಡ, ವೈರು ಮತ್ತು ಪೈಪು ಸಾಮಾನ್ಯವಾಗಿ ಅಲ್ಲೇ ಓಡಿರುತ್ತವೆ. ಸ್ನಾನಕ್ಕೆ ನಿಲ್ಲುವ ಜಾಗದ ತಲೆಯ ಮೇಲೂ ಬೇಡ. ತಳದಲ್ಲಿ ಒಂದಡಿ ಜಾಗ ಬಿಡಿ, ಮುಂದೆ ಕಾಯಿಲ್ ಬಿಚ್ಚಬೇಕಾಗುತ್ತದೆ.

ಈಗ ಸೇಫ್ಟಿ ವಾಲ್ವ್. ಇದು ನೀಲಿ ಕಡೆಗೆ, ಅಂದರೆ ತಣ್ಣೀರು ಒಳಗೆ ಹೋಗುವ ಕಡೆಗೆ ಬರಬೇಕು. ಮೇಲಿನ ಬಾಣದ ಗುರುತು ಟ್ಯಾಂಕಿನ ಕಡೆ ನೋಡಬೇಕು. ಗೀಸರಿನ ಪೈಪ್ ತುದಿಯ ತಿರುಪಿನ ಎಳೆಗೆ ಹತ್ತು ಹನ್ನೆರಡು ಸುತ್ತು ಟೆಫ್ಲಾನ್ ಟೇಪ್ ಸುತ್ತಿ, ವಾಲ್ವ್ ತಿರುಗುವ ದಿಕ್ಕಿಗೇ ಸುತ್ತಬೇಕು, ಇಲ್ಲದಿದ್ದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಕನೆಕ್ಷನ್ ಪೈಪಿನ ನಟ್‌ಗೆ ಟೇಪ್ ಬೇಕಿಲ್ಲ, ಅಲ್ಲಿ ರಬ್ಬರ್ ವಾಷರ್ ಇದೆ. ಕೈಯಲ್ಲಿ ಪೂರಾ ತಿರುಗಿಸಿ, ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಸಾಕು.

15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಕಾದರೆ ಸುಮಾರು 200 ಮಿಲಿಲೀಟರ್, ಒಂದು ಲೋಟದಷ್ಟು ಹಿಗ್ಗುತ್ತದೆ. ನಲ್ಲಿ ಮುಚ್ಚಿದ್ದಾಗ ಆ ಹೆಚ್ಚಿನ ನೀರು ಹೊರಗೆ ಬರುವುದು ವಾಲ್ವಿನ ಆ ಸಣ್ಣ ತೂತಿನಿಂದ. ಅದನ್ನು ಮುಚ್ಚಿ, ಜೊತೆಗೆ ಥರ್ಮೋಸ್ಟಾಟೂ ಕೈಕೊಟ್ಟರೆ, ಒತ್ತಡ ಏರಿ ಟ್ಯಾಂಕ್ ಸಿಡಿಯಬಹುದು. ಹನಿ ಕಿರಿಕಿರಿ ಅನಿಸಿದರೆ ತೂತಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ ಅದರ ತುದಿಯನ್ನು ಬಚ್ಚಲಿಗೆ ಬಿಡಿ. ದಯವಿಟ್ಟು ಮುಚ್ಚಬೇಡಿ.

ನೀರು ತುಂಬುವ ಮುಂಚೆ ಸ್ವಿಚ್ ಮುಟ್ಟಬೇಡಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಸುಟ್ಟುಹೋಗುತ್ತದೆ. ಬಿಸಿನೀರಿನ ನಲ್ಲಿ ತೆರೆದಿಟ್ಟು ತಣ್ಣೀರಿನ ವಾಲ್ವ್ ಬಿಡಿ. ಮೊದಲು ಬುಸ್ ಬುಸ್ ಅಂತ ಗಾಳಿ, ಆಮೇಲೆ ಬಿಟ್ಟು ಬಿಟ್ಟು ನೀರು, ಕೊನೆಗೆ ಒಂದೇ ಧಾರೆ. ಧಾರೆ ನಿರಂತರವಾದ ಮೇಲೆ ಎರಡು ನಿಮಿಷ ಹರಿಯಲು ಬಿಟ್ಟು ನಲ್ಲಿ ಮುಚ್ಚಿ. ಪ್ರತಿ ಜಾಯಿಂಟಿಗೂ ಒಣ ನ್ಯೂಸ್‌ಪೇಪರ್ ತುಂಡು ಒತ್ತಿ ನೋಡಿ, ಕಣ್ಣಿಗೆ ಕಾಣದ ಸೋರಿಕೆಯೂ ಕಾಗದದಲ್ಲಿ ಗೊತ್ತಾಗುತ್ತದೆ. ಆಮೇಲೆ ಕೈ ಒರೆಸಿಕೊಂಡು, ಚಪ್ಪಲಿ ಹಾಕಿಕೊಂಡು ಸ್ವಿಚ್ ಹಾಕಿ. ಗೀಸರ್ ತಾನಾಗಿ ಕಟ್ ಆದ ಮೇಲೆ ಸ್ವಿಚ್ ಆಫ್ ಮಾಡಿ ಪ್ಲಗ್ ಮುಟ್ಟಿ ನೋಡಿ. ಕೈಗೆ ಬಿಸಿ ಹತ್ತಿದರೆ ಪ್ಲಗ್ ಸಡಿಲ ಇದೆ, ಸಾಕೆಟ್ ಬದಲಿಸಬೇಕು.

ಸ್ನಾನಕ್ಕೆ ಹೋಗುವ ಮುಂಚೆ ಸ್ವಿಚ್ ಆಫ್ ಮಾಡುವುದು ನಮ್ಮ ಮನೆಯಲ್ಲಿ ಮಕ್ಕಳಿಗೂ ರೂಢಿ.

ಇನ್ನು ಆ ಮೆಗ್ನೀಷಿಯಂ ರಾಡ್. ನಮ್ಮ ಕಡೆ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅಜ್ಜಿ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಅರಿಶಿನ ಕುಂಕುಮ ಇಟ್ಟು ನೀರು ತುಂಬಿಸುತ್ತಿದ್ದರು. ಈಗ ಆ ಹಬ್ಬದ ಹಿಂದಿನ ಭಾನುವಾರ ಗೀಸರ್ ಖಾಲಿ ಮಾಡಿ ರಾಡ್ ಬಿಚ್ಚಿ ನೋಡುತ್ತೇನೆ. ಬೆರಳು ಗಾತ್ರ ಇದ್ದದ್ದು ಪೆನ್ಸಿಲಿಗಿಂತ ತೆಳ್ಳಗಾಗಿದ್ದರೆ ಹೊಸದು ಹಾಕುತ್ತೇನೆ, ಒಳಗೆ ಉದುರಿದ ಸುಣ್ಣದ ಚೂರನ್ನು ತೊಳೆದು ತೆಗೆಯುತ್ತೇನೆ. ಕಾವೇರಿ ನೀರೇ ಬರುವ ಮನೆಯಾದರೆ ಎರಡು ವರ್ಷಕ್ಕೊಮ್ಮೆ ನೋಡಿದರೂ ನಡೆಯುತ್ತದೆ.